ಹಾಲಿಗೆ ನಾಲ್ಕು ರೂಪಾಯಿ, ನಮಗೆ ಬಿಗ್ ಶಾಕ್

ಬೆಂಗಳೂರಿಗರಿಗೆ ಬಿಗ್ ಶಾಕ್ ಅಂತೆ. ಹಲ್ಲುಜ್ಜುವುದಕ್ಕೂ ಮೊದಲೇ ಮೊಬೈಲು ಕಿರುಚಿತು. ಒತ್ತಿ ನೋಡಿದರೆ ಮೊದಲು ಮಂಡಿನೋವಿನ ಎಣ್ಣೆಯ ಜಾಹೀರಾತು, ಆಮೇಲೆ ಸೈಟು ಮಾರುವವರದ್ದು, ತೀರಾ ಕೆಳಗೆ ಸುದ್ದಿ: ಸಂಜೆ ಮಳೆ ಬರಬಹುದು. ಬರಬಹುದು, ಅಷ್ಟೇ. ಬರದಿದ್ದರೆ ನಾಳೆ ‘ಬಿಗ್ ರಿಲೀಫ್’ ಅಂತ ಹಾಕಿಕೊಳ್ಳಬಹುದಲ್ಲ!

2025 ಅಂತೂ ಸುದ್ದಿ ತಲೆಬರಹದ ಈ ಬಿಗ್ಗಿಗೆ ಸುಗ್ಗಿಯ ವರ್ಷ. ಜನವರಿಯಲ್ಲಿ ಬಿಎಂಟಿಸಿ ದರ ಶೇ 15 ಏರಿತು, ಬಿಗ್ ಶಾಕ್. ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹಾರಿತು, ಬಿಗ್ ಶಾಕ್. ಜನ ಬೊಬ್ಬೆ ಹೊಡೆದ ಮೇಲೆ ಅಲ್ಲಲ್ಲಿ ಒಂಚೂರು ಇಳಿಸಿದರು, ಬಿಗ್ ರಿಲೀಫ್. ಆ 90 ಮಾತ್ರ ಕದಲಲಿಲ್ಲ. ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ, ಅದೇ ದಿನದಿಂದ ಕರೆಂಟು ಯೂನಿಟ್ಟಿಗೆ 36 ಪೈಸೆ ಜಾಸ್ತಿ. ಮೂವತ್ತು ರೂಪಾಯಿಗೂ ಬಿಗ್, ಮೂವತ್ತಾರು ಪೈಸೆಗೂ ಬಿಗ್! ಇಂಥ ಸಮದರ್ಶಿತ್ವ ಗುಹೆಯಲ್ಲಿ ಕೂತ ಋಷಿಗಳಿಗೂ ಒಲಿದಿರಲಿಕ್ಕಿಲ್ಲ. ನಮ್ಮ ಸುದ್ದಿ ಡೆಸ್ಕಿನ ಹುಡುಗರಿಗೆ ನೈಟ್ ಶಿಫ್ಟಿನಲ್ಲೇ ಒಲಿದಿದೆ.

ಕರೆಂಟಿನ ವಿಷಯದಲ್ಲಾದರೂ ಶಾಕ್ ಅನ್ನೋದು ಹೊಂದುತ್ತದೆ ಬಿಡಿ. ಈ ಊರಿಗೆ ನಿಜವಾದ ಶಾಕ್ ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ, ತಂತಿಯ ಮೇಲೆ. ಅದಕ್ಕೂ ಮೂರು ವರ್ಷ ಮೊದಲೇ ಅದು ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಚಿನ್ನಕ್ಕೆ ಮೊದಲು, ಜನಕ್ಕೆ ಆಮೇಲೆ. ಆ ಪದ್ಧತಿ ಇನ್ನೂ ಕೆಟ್ಟಿಲ್ಲ. ಈಗಿನ ಚಾನೆಲ್‌ಗಳು ಅಂದು ಇದ್ದಿದ್ದರೆ ‘ಸೀಮೆಎಣ್ಣೆ ಪ್ರಿಯರಿಗೆ ಬಿಗ್ ಶಾಕ್’ ಅಂತ ಪಟ್ಟಿ ಓಡಿಸಿ, ದೀಪದ ಕಂಬಕ್ಕೊಂದು ಕೆಂಪು ಬಾಣ ಬಿಟ್ಟು, ಸುತ್ತ ಉರುಟು ಗೆರೆ ಎಳೆದಿರುತ್ತಿದ್ದವು. ಕಂಬ ಕಣ್ಣಿಗೆ ಬೀಳದಿದ್ದರೆ?

ಹಿಂದೆ ಈ ಕೆಲಸವನ್ನೆಲ್ಲ ‘ಭಾರಿ’ ಅನ್ನೋ ಪದ ನೋಡಿಕೊಳ್ಳುತ್ತಿತ್ತು. ಪಾಪ, ಅದಕ್ಕೀಗ ಅರೆಕಾಲಿಕ ಕೆಲಸ. ಮಳೆ ಬಂದಾಗ, ಗಾಂಜಾ ಸಿಕ್ಕಾಗ ಮಾತ್ರ ಹೇಳಿಕಳಿಸುತ್ತಾರೆ. ಮಿಕ್ಕದ್ದೆಲ್ಲ ಬಿಗ್ಗಿನ ಪಾಲು. ವಕೀಲರು ವಾಯಿದೆ ಕೇಳಿದರೆ ಬಿಗ್ ಟ್ವಿಸ್ಟ್. ಹೈಕಮಾಂಡ್ ಏನೂ ಹೇಳದೆ ಕಳಿಸಿದರೆ ಬಿಗ್ ಸಂದೇಶ. ಎಲ್ಲಕ್ಕಿಂತ ಮೋಸದ್ದು ‘ಬಿಗ್ ಅಪ್‌ಡೇಟ್’. ನಮ್ಮ ಬೀದಿ ತುದಿಯಲ್ಲಿ ಹೂವು ಮಾರುವ ಅಜ್ಜಿ ಸೊಸೆಯ ಮೊಬೈಲು ತಂದು ನನ್ನ ಮುಂದೆ ಹಿಡಿಯುತ್ತಾಳೆ.

“ಗೃಹಲಕ್ಷ್ಮಿ ಅಂತ ಏನೋ ದಪ್ಪಕ್ಷರದಲ್ಲಿ ಬಂದೈತೆ, ಓದಪ್ಪ.”

“ಬಿಗ್ ಅಪ್‌ಡೇಟ್ ಅಂತೆ ಅಜ್ಜಿ. ಎರಡು ಸಾವಿರ ಶೀಘ್ರದಲ್ಲೇ ಬರುತ್ತಂತೆ.”

“ಹೋದ ತಿಂಗಳೂ ಅದೇ ಓದ್ದೆ ನೀನು.”

ನಾನು ಓದಿದ್ದಲ್ಲ, ಅವರು ಬರೆದದ್ದು ಅಂದರೆ ಕೇಳುತ್ತಾಳೆಯೇ? ದುಡ್ಡಿಲ್ಲದ ಸುದ್ದಿಗೆ ನಾನೇ ಹೊಣೆ ಅನ್ನುವಂತೆ ನೋಡಿ ಮೊಳ ಅಳೆಯಲು ಶುರು ಮಾಡುತ್ತಾಳೆ. ಇತ್ತೀಚೆಗೆ ಆ ಮೊಳವೂ ಗಿಡ್ಡ ಆಗಿದೆ.

ಈ ಚಟ ಟಿವಿಯವರಿಗಷ್ಟೇ ಅಂತಲ್ಲ, ಸರ್ಕಾರಕ್ಕೂ ಇದೆ. 2007ರಲ್ಲಿ ಮಹಾನಗರ ಪಾಲಿಕೆಗೆ ‘ಬೃಹತ್’ ಹಚ್ಚಿದರು. ಬೃಹತ್ತಿನಿಂದ ಗುಂಡಿ ಮುಚ್ಚಲಿಲ್ಲ. 2025ರಲ್ಲಿ ಅದನ್ನು ಕಿತ್ತು ‘ಗ್ರೇಟರ್’ ಹಚ್ಚಿ ಐದು ಪಾಲಿಕೆ ಮಾಡಿದರು. ಬೋರ್ಡು ಬರೆಯುವವರಿಗೆ ಒಳ್ಳೆಯ ಕಾಲ.

ಆದರೆ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಅಲ್ಲಿಂದ ಐದು ವರ್ಷ ಕಳೆದರೂ ಚುನಾವಣೆ ಇಲ್ಲ. ಕಸ ಎತ್ತಲಿಲ್ಲ ಅಂತ ಮನೆ ಬಾಗಿಲಿಗೆ ಹೋಗಿ ಬೈಯಲು ಒಬ್ಬ ಮನುಷ್ಯ ಇಲ್ಲ. ಎಂಜಿನಿಯರಿಗೆ ಫೋನ್ ಮಾಡಿದರೆ ನಮ್ಮ ಲಿಮಿಟ್ಸ್ ಅಲ್ಲ ಅಂತಾರೆ. ಕಸಕ್ಕೆ ಬೇರೆ ಶುಲ್ಕವನ್ನೂ ಆಸ್ತಿ ತೆರಿಗೆ ಜೊತೆಗೇ ಕಿತ್ತುಕೊಳ್ಳುತ್ತಾರೆ. ಒಂದು ಕೋಟಿಗೂ ಹೆಚ್ಚು ಜನರ ಊರನ್ನು ಅಧಿಕಾರಿಗಳ ಕೈಗೆ ಕೊಟ್ಟು ಐದು ವರ್ಷ ಮರೆತರು, ಒಬ್ಬನೇ ಒಬ್ಬ ಆ್ಯಂಕರಿಗೆ ಗಂಟಲು ಕಟ್ಟಲಿಲ್ಲ. ಚುನಾವಣೆ ನಡೆದಿದ್ದರೆ ‘ಬಿಗ್ ಫೈಟ್’ ಅಂತ ಹಾಕಬಹುದಿತ್ತು. ನಡೆಯದಿದ್ದದ್ದಕ್ಕೆ ಯಾವ ಗ್ರಾಫಿಕ್ಸ್ ಮಾಡೋದು, ಬಾಣ ಎಲ್ಲಿಗೆ ಬಿಡೋದು?