ತೊಡೆ ಮುರಿದವನೂ ‘ಡೇ ಟು ಡೇ’

ಕುರುಕ್ಷೇತ್ರದ ಹದಿನೆಂಟನೆಯ ದಿನ ಸಂಜೆ ಕೌರವರ ಶಿಬಿರದಲ್ಲೊಂದು ಪತ್ರಿಕಾಗೋಷ್ಠಿ ನಡೆದಿದ್ದರೆ, ಅದರಲ್ಲೂ ಅವರ ಕೋಚ್ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಫುಟ್‌ಬಾಲ್ ಕಲಿಸಿ ಬಂದವರಾಗಿದ್ದರೆ, ದುರ್ಯೋಧನನ ಆರೋಗ್ಯದ ಬಗ್ಗೆ ಹೊರಡುತ್ತಿದ್ದ ಹೇಳಿಕೆ ಇಷ್ಟೇ: “ಲೋಯರ್ ಬಾಡಿ. ಡೇ ಟು ಡೇ. ಮುಂದಿನ ಪ್ರಶ್ನೆ?” ತೊಡೆ ನುಚ್ಚುನೂರಾಗಿದೆಯಲ್ಲ ಸ್ವಾಮಿ ಎಂದು ಸಂಜಯ ಬಾಯಿ ಬಿಟ್ಟಿದ್ದರೆ ಅವನ ದಿವ್ಯದೃಷ್ಟಿಯ ಪಾಸ್ ಅಲ್ಲೇ ರದ್ದು.

ಆಟಗಾರರ ಗಾಯ ಬಚ್ಚಿಡುವುದು ಅಲ್ಲಿನ ಕಾಲೇಜು ಫುಟ್‌ಬಾಲ್ ಕೋಚುಗಳ ಚಾಳಿ (ಅಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಬಹುಪಾಲು ಕೈಯಲ್ಲೇ ಹಿಡಿದು ಮುನ್ನುಗ್ಗುವ ಆಟ). ಅತಿಯಾಯಿತು ಅನ್ನಿಸಿದರೆ 2012ರ ಸೆಪ್ಟೆಂಬರ್ ನೋಡಿ. ಲಾಸ್ ಏಂಜಲಿಸ್‌ನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದ ತಂಡದಲ್ಲಿ ಚೆಂಡು ಒದೆಯುವ ಹುಡುಗನ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ ಎಂದು ಸ್ಥಳೀಯ ಪತ್ರಕರ್ತರೊಬ್ಬರು ಬರೆದರು. ಅಭ್ಯಾಸ ನೋಡಲು ಅವರಿಗಿದ್ದ ಅನುಮತಿಯನ್ನೇ ಕಿತ್ತುಕೊಳ್ಳಲಾಯಿತು. ಗದ್ದಲವೆದ್ದ ಮೇಲೆ ಹಿಂದಕ್ಕೆ ಕೊಟ್ಟರು. ಅದೇ ದಿನಗಳಲ್ಲಿ ಕೋಚ್ ಲೇನ್ ಕಿಫಿನ್, ಗಾಯದ ಪ್ರಶ್ನೆ ಬಂದದ್ದೇ ತಡ, ಬೆನ್ನು ತಿರುಗಿಸಿ ನಡೆದೇಬಿಟ್ಟರು. ಮಾತು ಶುರುವಾಗಿ ಅರ್ಧ ನಿಮಿಷವೂ ಆಗಿರಲಿಲ್ಲ. ಸೀಸನ್ನಿನ ಆರಂಭಕ್ಕೆ ದೇಶದ ನಂಬರ್ ಒನ್ ಎನಿಸಿಕೊಂಡಿದ್ದ ಆ ತಂಡ ವರ್ಷ ಮುಗಿಸಿದ್ದು 7 ಗೆಲುವು, 6 ಸೋಲಿನೊಂದಿಗೆ. ಮಂಡಿಯ ಗುಟ್ಟು ಬಯಲಾಗದೆ ಉಳಿದಿದ್ದರೆ ಎಂಟು ಗೆಲ್ಲುತ್ತಿದ್ದರೇನೋ.

ಅಲ್ಲಿನ ವಿಶ್ವವಿದ್ಯಾಲಯದ ಊರುಗಳಿಗೆ ಎಂ.ಎಸ್. ಮಾಡಲು ಹೋದ ನಮ್ಮ ಹುಡುಗ ಹುಡುಗಿಯರಿಗೆ ಈ ಜಾತ್ರೆ ಗೊತ್ತು. ಸೆಪ್ಟೆಂಬರ್ ಬಂತೆಂದರೆ ಶನಿವಾರ ಲೈಬ್ರರಿಗೆ ಹೋಗುವವರಿಗೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ ಒಂದರಲ್ಲೇ 1,07,601 ಜನ ಕೂರಬಹುದು. ಇದು ಓದಿನ ಜೊತೆಗೆ ಹುಡುಗರು ಬಿಡುವಿನಲ್ಲಿ ಆಡುವ ಆಟ ಎಂದು ದಶಕಗಳ ಕಾಲ ಎಲ್ಲರೂ ಮುಖ ಗಂಟಿಕ್ಕಿಕೊಂಡು ಹೇಳುತ್ತಾ ಬಂದರು. ಆಡಿಸುವವರ ಮಟ್ಟಿಗೆ ಬಿಡುವಿನ ಮಾತೇ ಇಲ್ಲ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಎಣಿಸುವ ಸರ್ಕಾರಿ ನೌಕರ ಗವರ್ನರ್ ಅಲ್ಲ. ಫುಟ್‌ಬಾಲ್ ಕೋಚು, ತಪ್ಪಿದರೆ ಬಾಸ್ಕೆಟ್‌ಬಾಲ್ ಕೋಚು. ಜಾರ್ಜಿಯಾದ ಕರ್ಬಿ ಸ್ಮಾರ್ಟ್ ಅವರ 2024ರ ಒಪ್ಪಂದ ವರ್ಷಕ್ಕೆ 1.3 ಕೋಟಿ ಡಾಲರಿನದು. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. 2023ರಲ್ಲಿ ಟೆಕ್ಸಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೋ ಫಿಶರ್ ಅವರನ್ನು ಮನೆಗೆ ಕಳಿಸಿದಾಗ, ಸುಮ್ಮನೆ ಮನೆಯಲ್ಲಿರುವುದಕ್ಕಾಗಿ ಅವರಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರಿಗೂ ಹೆಚ್ಚು. ಈ ಎಲ್ಲ ಅಂಕಿಗಳೂ ಜಗಜ್ಜಾಹೀರು. ಗುಟ್ಟು ಎಂದು ಉಳಿದಿರುವುದು ಇಪ್ಪತ್ತು ವರ್ಷದ ಹುಡುಗನ ಕಾಲುಳುಕು ಮಾತ್ರ.

ಆ ಗುಟ್ಟಿಗೆಂದೇ ಒಂದು ಭಾಷೆಯಿದೆ. ‘ಬ್ಯಾಂಗ್ಡ್ ಅಪ್’ ಎಂದರೆ ಎಲ್ಲೋ ಏನೋ ಆಗಿದೆ. ‘ಡೇ ಟು ಡೇ’ ಎಂದರೆ ಇವತ್ತು ಉಸಿರಾಡುತ್ತಿದ್ದಾನೆ, ನಾಳೆಯೂ ಉಸಿರಾಡುವ ಭರವಸೆಯಿದೆ. ‘ಗೇಮ್ ಟೈಮ್ ಡಿಸಿಷನ್’ ಎಂದರೆ ತೀರ್ಮಾನ ಮಂಗಳವಾರವೇ ಆಗಿಹೋಗಿದೆ. ‘ನೆಕ್ಸ್ಟ್ ಮ್ಯಾನ್ ಅಪ್’ ಎಂದರೆ ಹಳಬನ ಹೆಸರು ಇನ್ನು ಎತ್ತಬೇಡಿ. ಪತ್ರಕರ್ತರನ್ನು ಅಭ್ಯಾಸದ ಮೈದಾನಕ್ಕೆ ಬಿಡುವುದು ಹುಡುಗರು ಮೈ ಸಡಿಲಿಸುವ ಹೊತ್ತಿನಲ್ಲಿ ಮಾತ್ರ. ಪತ್ರಿಕೋದ್ಯಮದಲ್ಲಿ ಪದವಿ ಪಡೆದವರು ಬೇಲಿಯ ಬದಿಗೆ ನಿಂತು ಜೆರ್ಸಿ ನಂಬರು ಎಣಿಸುತ್ತಾರೆ. ಯಾರು ಬಂದಿಲ್ಲ, ಯಾರು ಮೂಲೆಯಲ್ಲಿ ಸೈಕಲ್ ತುಳಿಯುತ್ತಿದ್ದಾನೆ, ಯಾರ ಕಾಲಿಗೆ ಆ ದಪ್ಪ ಪ್ಲಾಸ್ಟಿಕ್ ಬೂಟು ಬಂದಿದೆ. ಕೆಲವು ಕಡೆ ಕಣ್ಣಾರೆ ಕಂಡದ್ದನ್ನೂ ಬರೆಯಬಾರದೆಂಬ ಷರತ್ತಿದೆ.

ವಾರಕ್ಕೊಮ್ಮೆ ಹೊರಬರುವ ಡೆಪ್ತ್ ಚಾರ್ಟ್ ಎಂಬ ಪಟ್ಟಿಯ ಸೊಗಸೇ ಬೇರೆ. ಯಾವ ಜಾಗದಲ್ಲಿ ಯಾರು ಆಡುತ್ತಾರೆಂದು ತಿಳಿಸಲೆಂದೇ ಇರುವ ಪಟ್ಟಿ ಅದು. ಅದರಲ್ಲಿ ಎರಡು ಹೆಸರುಗಳ ನಡುವೆ ‘ಅಥವಾ’ ಎಂದು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಧರ್ಮರಾಯ ಜೀವಮಾನದಲ್ಲಿ ಒಂದೇ ಒಂದು ಸಲ ನರೋ ವಾ ಕುಂಜರೋ ವಾ ಎಂದು ಗೊಣಗಿದ್ದಕ್ಕೆ ನಾಲ್ಕು ಬೆರಳು ಮೇಲೆ ತೇಲುತ್ತಿದ್ದ ಅವನ ರಥ ನೆಲ ಮುಟ್ಟಿತು. ಇವರು ವಾರವಾರವೂ ಗೊಣಗುತ್ತಾರೆ, ರಥ ಖಾಸಗಿ ವಿಮಾನವಾಗಿ ಇನ್ನೂ ಮೇಲೇರುತ್ತದೆ.

ಯಾಕೆ ಸ್ವಾಮಿ ಇಷ್ಟು ಗುಟ್ಟು ಎಂದರೆ ಕಾನೂನು ನಮ್ಮ ಬಾಯಿ ಕಟ್ಟಿದೆ ಎಂಬ ಉತ್ತರ ಸಿದ್ಧವಾಗಿದೆ. 1996ರ ‘ಹಿಪಾ’, 1974ರ ‘ಫರ್ಪಾ’. ಹಿಪಾ ಕಟ್ಟಿಹಾಕುವುದು ವೈದ್ಯರು, ಆಸ್ಪತ್ರೆ, ವಿಮಾ ಕಂಪನಿಗಳ ಬಾಯನ್ನು. ಕೊರಳಿಗೆ ಸೀಟಿ ಹಾಕಿಕೊಂಡವರ ಬಾಯನ್ನಲ್ಲ. ಫರ್ಪಾ ವಿದ್ಯಾರ್ಥಿಯ ದಾಖಲೆಗಳನ್ನು ಕಾಯುತ್ತದೆ ನಿಜ, ಆದರೆ ಅವನು ಒಪ್ಪಿ ಸಹಿ ಹಾಕಿದರೆ ಬಾಗಿಲು ತೆರೆಯುತ್ತದೆ. ಸೋಜಿಗವೆಂದರೆ ಈ ಎರಡೂ ಕಾಯ್ದೆಗಳು ಜಾರಿಯಲ್ಲಿರುವುದು ಪಂದ್ಯ ಶುರುವಾಗುವ ತನಕ ಮಾತ್ರ. ಸೋತ ರಾತ್ರಿ ಅದೇ ಕೋಚು ಅದೇ ಮೈಕಿನ ಮುಂದೆ ಕೂತು, ನಮ್ಮ ಹುಡುಗ ಮೂರು ವಾರದಿಂದ ಒಂದೇ ಕಾಲಿನಲ್ಲಿ ಆಡುತ್ತಿದ್ದ, ಇನ್ನೊಬ್ಬನ ಭುಜ ಕೈಗೆ ಬಂದಿತ್ತು, ಯಾರಿಗೂ ಹೇಳಿರಲಿಲ್ಲ ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಗೆಲ್ಲುವ ಮುಂಚೆ ವೈದ್ಯಕೀಯ ರಹಸ್ಯ, ಸೋತ ಮೇಲೆ ವೀರಗಾಥೆ.

ಗೇಲಿ ಮಾಡಲು ಮನಸ್ಸು ಬಾರದ ಸಂಗತಿಯೂ ಒಂದಿದೆ. ಅಲಬಾಮ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಂಡದ ಮುಖ್ಯ ಟ್ರೈನರ್ (ಆಟಗಾರರ ಗಾಯ ನೋಡಿಕೊಳ್ಳುವವರು) ಜೊತೆ ಸೇರಿ 2015ರಲ್ಲಿ ಒಂದು ಮಡಚುವ ಡೇರೆ ಮಾಡಿದರು. ಮೈದಾನದ ಅಂಚಿನಲ್ಲೇ ಅದನ್ನು ಎಳೆದು ಮುಚ್ಚಿದರೆ ಒಳಗೆ ಗಾಯಾಳು, ವೈದ್ಯ ಇಬ್ಬರೇ. ಲಕ್ಷ ಕಣ್ಣುಗಳಿಂದ ಹುಡುಗನಿಗೆ ಎರಡು ನಿಮಿಷ ಬಿಡುಗಡೆ. ಈಗ ವೃತ್ತಿಪರ ಲೀಗಿನಲ್ಲೂ ಅದೇ ಡೇರೆ. ಟೀವಿಯವರು ಸೋಲೊಪ್ಪಲಿಲ್ಲ, ಕ್ಯಾಮೆರಾವನ್ನು ಡೇರೆಯ ಮೇಲೆ ನೆಟ್ಟರು. ಈಗ ಬಟ್ಟೆ ಅಲುಗಾಡಿದ ರೀತಿ ನೋಡಿ ಮೂಳೆಯೋ ಸ್ನಾಯುವೋ ಎಂದು ಹೇಳುವ ಪಂಡಿತರಿದ್ದಾರೆ.

ಹಾಗಂತ ಈ ಗುಟ್ಟೆಲ್ಲ ಬಯಲಾಗಬೇಕು ಎಂದು ಯಾರಿಗೆ ಇಷ್ಟೊಂದು ಅವಸರ? ಓದುಗರ ಹಕ್ಕು, ಪತ್ರಿಕಾಧರ್ಮ ಎಲ್ಲ ಸರಿ. ಮೇಜಿನ ಕೆಳಗೆ ಬಗ್ಗಿ ನೋಡಿದರೆ ಅಲ್ಲಿ ದುಡ್ಡಿನ ಗಂಟಿದೆ. ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಇದನ್ನು ಮುಚ್ಚಿಟ್ಟಿಲ್ಲ. 1946ರ ಫೈನಲ್ಲಿಗೆ ಮುಂಚೆ ನ್ಯೂಯಾರ್ಕ್ ಜೈಂಟ್ಸ್ ತಂಡದ ಇಬ್ಬರಿಗೆ ಜೂಜುಕೋರನೊಬ್ಬ ಲಂಚ ತೋರಿಸಿದ. ಗಾಯದ ಪಟ್ಟಿ ಪ್ರಕಟಿಸುವ ಪದ್ಧತಿ ಬೆಳೆದದ್ದು ಜೂಜಿನ ಆ ಭಯದಲ್ಲೇ. ಕಾಲೇಜಿನವರು ಮಾತ್ರ ನಾವು ವಿದ್ಯಾಮಂದಿರದವರು, ನಮಗೂ ಬಾಜಿಗೂ ಏನು ಸಂಬಂಧ ಎಂದು ಮಡಿಯಲ್ಲಿ ಕೂತಿದ್ದರು. 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕ್ರೀಡಾ ಬೆಟ್ಟಿಂಗಿನ ಮೇಲಿದ್ದ ಕೇಂದ್ರ ಕಾನೂನಿನ ತಡೆ ತೆಗೆಯಿತು. ಒಂದೊಂದೇ ರಾಜ್ಯ ಬಾಗಿಲು ತೆರೆಯಿತು, ಬಾಜಿ ಫೋನಿನೊಳಗೆ ಬಂತು. ಕಾಲೇಜು ಕ್ರೀಡೆಯ ಆಡಳಿತ ನಡೆಸುವ ಸಂಸ್ಥೆ ಎನ್‌ಸಿಎಎ 2019ರಲ್ಲಿ ವಿಷಯ ಚರ್ಚಿಸಿ, ಇಡೀ ದೇಶಕ್ಕೊಂದು ಗಾಯದ ಪಟ್ಟಿ ಆಗದ ಕೆಲಸ ಎಂದು ಕಡತ ಮುಚ್ಚಿತು.

ಆಗದ ಕೆಲಸ ಆಮೇಲೆ ಒಂದೊಂದಾಗಿ ಆಗತೊಡಗಿತು. 2023ರಲ್ಲಿ ಬಿಗ್ ಟೆನ್ ಕಾನ್ಫರೆನ್ಸ್ (ತಮ್ಮೊಳಗೆ ಆಡುವ ವಿಶ್ವವಿದ್ಯಾಲಯಗಳ ಒಂದು ಒಕ್ಕೂಟ) ಪಂದ್ಯಕ್ಕೆ ಎರಡು ಗಂಟೆ ಮುಂಚೆ ಪಟ್ಟಿ ಕೊಡಿ ಎಂದಿತು. 2024ರಲ್ಲಿ ಸೌತ್ ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಎಸ್‌ಇಸಿ, ತನ್ನೊಳಗಿನ ಪಂದ್ಯಗಳಿಗೆ ಬುಧವಾರದಿಂದಲೇ ದಿನಾ ಪಟ್ಟಿ, ಕೊನೆಗೆ ಆಟಕ್ಕೆ 90 ನಿಮಿಷ ಮುಂಚೆ ಇನ್ನೊಂದು ಎಂದಿತು. ತಪ್ಪಿದರೆ ಮೊದಲ ಸಲ 25,000 ಡಾಲರ್ ದಂಡ, ಎರಡನೆಯ ಸಲ 50,000, ಆಮೇಲೆ ಒಂದು ಲಕ್ಷದವರೆಗೆ. ಬುಕ್ಕಿಗಳ ಕಡೆಯವರು ಹುಡುಗರ, ಅವರ ರೂಮ್‌ಮೇಟ್‌ಗಳ ಬೆನ್ನು ಹತ್ತುವುದು ನಿಲ್ಲಲಿ ಎಂಬುದು ಇದರ ಸಮರ್ಥನೆ. ಕಳ್ಳ ಹಿಂಬಾಗಿಲು ಒಡೆಯುತ್ತಾನೆಂದು ಮುಂಬಾಗಿಲು ತೆರೆದಿಟ್ಟು ಕುರ್ಚಿ ಹಾಕಿದಂತಾಯಿತು. ಪಟ್ಟಿಯಲ್ಲಿರುವುದಾದರೂ ಏನು? ಆಡುತ್ತಾನೆ, ಆಡಬಹುದು, ಸಂಶಯ, ಆಡುವುದಿಲ್ಲ. ಯಾಕೆ ಎಂಬುದಿಲ್ಲ. ಮಂಡಿಯೋ, ಜ್ವರವೋ, ಕೋಚಿನ ಕೋಪವೋ ನೀವೇ ಊಹಿಸಿಕೊಳ್ಳಿ. ಬಾಜಿ ಕಟ್ಟುವವನಿಗೆ ಬೇಕಾದಷ್ಟು ಅದರಲ್ಲಿದೆ. ಅವನಿಗೆ ಹುಡುಗನ ಮೂಳೆಯ ಚಿಂತೆ ಎಲ್ಲಿತ್ತು?

ಗಾಯದ ಮಾಹಿತಿಯನ್ನು ಎಲ್ಲರಿಗಿಂತ ಮೊದಲು, ಕೇಳುವುದಕ್ಕೆ ಮುಂಚೆಯೇ, ಒಂದಿಷ್ಟೂ ಗೊಣಗದೆ ಕೊಟ್ಟ ಕೋಚ್ ಒಬ್ಬರಿದ್ದರು. ಅಲಬಾಮದ ಬ್ರ್ಯಾಡ್ ಬೊಹ್ಯಾನನ್. ಆಟ ಬೇಸ್‌ಬಾಲ್, ಊರು ಅದೇ. 2023ರ ಏಪ್ರಿಲ್ 28ರಂದು ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ) ವಿರುದ್ಧ ಆಡಬೇಕಿದ್ದ ಅವರ ಮೊದಲ ಪಿಚರ್, ಅಂದರೆ ಚೆಂಡೆಸೆಯುವವನು, ಬೆನ್ನಿನ ತೊಂದರೆಯಿಂದ ಇಳಿಯುವಂತಿರಲಿಲ್ಲ. ಎದುರು ತಂಡಕ್ಕೆ ಗೊತ್ತಾಗುವ ಮೊದಲೇ ಸುದ್ದಿ ಒಬ್ಬ ಪರಿಚಿತ ಬಾಜಿಗಾರನ ಫೋನಿಗೆ ಹೋಯಿತು. ಆತ ಸಿನ್ಸಿನಾಟಿಯ ಬೇಸ್‌ಬಾಲ್ ಮೈದಾನದಲ್ಲಿರುವ ಬೆಟ್ಟಿಂಗ್ ಅಂಗಡಿಗೆ ನುಗ್ಗಿ, ಎಲ್‌ಎಸ್‌ಯು ಗೆಲ್ಲುತ್ತದೆಂದು ಒಂದು ಲಕ್ಷ ಡಾಲರ್ ಕಟ್ಟುತ್ತೇನೆ ಅಂದ. ಕಾಲೇಜು ಬೇಸ್‌ಬಾಲಿಗೆ ಲಕ್ಷ ಡಾಲರೇ ಎಂದು ಅಂಗಡಿಯವರು 15,000ಕ್ಕೆ ನಿಲ್ಲಿಸಿದರು. ಇನ್ನೂ ತಗೊಳ್ಳಿ ಎಂದು ಆತ ಹಟಕ್ಕೆ ಬಿದ್ದು, ನಂಬಿಕೆ ಬರಲೆಂದು ಫೋನಿನ ಗುಪ್ತ ಸಂದೇಶವನ್ನೇ ಕೌಂಟರಿನವರಿಗೆ ತೋರಿಸಿದ! ಸಂದೇಶ ಯಾರೂ ಒಡೆಯಲಾಗದ ಆ್ಯಪಿನಲ್ಲಿ ಬಂದಿತ್ತಂತೆ. ಅದನ್ನು ಓದುವವನ ತಲೆಗೆ ಅಂಥ ಬೀಗ ಹಾಕುವ ಆ್ಯಪ್ ಇನ್ನೂ ಬಂದಿಲ್ಲ. ವಾರದೊಳಗೆ ಕೋಚಿನ ಕೆಲಸ ಹೋಯಿತು. ಮರುವರ್ಷ ಎನ್‌ಸಿಎಎ ಅವರ ಮೇಲೆ 15 ವರ್ಷಗಳ ನಿರ್ಬಂಧ ಹೇರಿತು. ಪಾರದರ್ಶಕತೆಯಲ್ಲಿ ಅವರದ್ದು ತಪ್ಪಿಲ್ಲ, ವಿಳಾಸದಲ್ಲಿ ಮಾತ್ರ.

ಹೀಗೆ ಬಚ್ಚಿಡುವ ಕೋಚುಗಳು ಒಂದು ಕಡೆ, ಬಿಚ್ಚಿಡಿ ಎನ್ನುವ ಮಾಧ್ಯಮ ಇನ್ನೊಂದು ಕಡೆ, ನಡುವೆ ತಕ್ಕಡಿ ಹಿಡಿದ ಬುಕ್ಕಿ. ಮಂಡಿಯ ಮಾಲೀಕ ಈ ಮೊಕದ್ದಮೆಯಲ್ಲಿ ಕಕ್ಷಿಗಾರನೇ ಅಲ್ಲ. ಇನ್ನು ಕೋಚಿಗೆ ಎಲ್ಲ ಗೊತ್ತಿದೆ, ಹೇಳುತ್ತಿಲ್ಲ ಅಷ್ಟೇ ಎಂದು ಎರಡೂ ಕಡೆಯವರು ನಂಬಿರುವುದನ್ನು ನೆನೆದಾಗಲೆಲ್ಲ ನನಗೆ ಮಿಷಿಗನ್ ನೆನಪಾಗುತ್ತದೆ.

2014ರ ಸೆಪ್ಟೆಂಬರ್ 27, ಎದುರಾಳಿ ಮಿನ್ನೆಸೋಟ. ಮಿಷಿಗನ್ನಿನ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಶೇನ್ ಮಾರಿಸ್ ಗದ್ದಕ್ಕೆ ಹೆಲ್ಮೆಟ್ಟಿನ ಏಟು ಬಿತ್ತು. ಎದ್ದವನು ತೂರಾಡಿದ, ಪಕ್ಕದ ಆಟಗಾರನ ಮೇಲೆ ಒರಗಿಕೊಂಡು ನಿಂತ. ಮೇಲೆ ಕೂತವರಿಗೆ ಕಂಡಿತು, ಟೀವಿ ನೋಡುತ್ತಿದ್ದ ದೇಶಕ್ಕೆ ಕಂಡಿತು, ವೀಕ್ಷಕ ವಿವರಣೆಕಾರರು ಅವನನ್ನು ಹೊರಗೆ ಕರೆಯಿರಿ ಎಂದರು. ಅವನು ಇನ್ನೊಂದು ಸುತ್ತು, ಅಂದರೆ ಚೆಂಡಿನೊಂದಿಗೆ ಮುನ್ನುಗ್ಗುವ ಇನ್ನೊಂದು ಯತ್ನ, ಆಡಿದ. ಹೊರಗೆ ಬಂದವನನ್ನು ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಒಳಗೆ ಕಳಿಸಿದರು. ಸೋಮವಾರ ಕೋಚ್ ಬ್ರೇಡಿ ಹೋಕ್, ತಲೆಗೆ ಪೆಟ್ಟಾಗಿಲ್ಲ, ಕಾಲು ಉಳುಕಿದೆ ಎಂದರು. ಅದೇ ರಾತ್ರಿ ಕಳೆದು ಒಂದು ಗಂಟೆಯ ಹೊತ್ತಿಗೆ, ಊರೆಲ್ಲ ಮಲಗಿದ ಮೇಲೆ, ಕ್ರೀಡಾ ನಿರ್ದೇಶಕ ಡೇವ್ ಬ್ರ್ಯಾಂಡನ್ ಅವರ ಹೇಳಿಕೆ ಹೊರಬಂತು: ಮಿದುಳಿಗೆ ಸೌಮ್ಯವಾದ ಪೆಟ್ಟು, ಬಹುಶಃ. ‘ಸೌಮ್ಯ’ಕ್ಕೂ ಒಂದು ‘ಬಹುಶಃ’! ತಮಗೆ ಮೊದಲೇ ಯಾರೂ ಹೇಳಿರಲಿಲ್ಲ ಎಂಬುದು ಕೋಚಿನ ಅಹವಾಲು. ಲಕ್ಷ ಜನರಿಗೆ ಕಂಡದ್ದು ಐವತ್ತು ಗಜ ದೂರದಲ್ಲಿದ್ದವರಿಗೆ ಎರಡು ದಿನವಾದರೂ ತಲುಪಿರಲಿಲ್ಲ. ವಿದ್ಯಾರ್ಥಿಗಳು ಬೀದಿಗಿಳಿದರು. ಅಕ್ಟೋಬರ್ ಕೊನೆಗೆ ನಿರ್ದೇಶಕರು ರಾಜೀನಾಮೆ ಕೊಟ್ಟರು, ಡಿಸೆಂಬರಿನಲ್ಲಿ ಕೋಚೂ ಹೋದರು. ಇಂಥವರು ದಿನಾ ಪತ್ರಿಕಾಗೋಷ್ಠಿ ಕರೆದು ಗಾಯದ ವಿವರ ಒಪ್ಪಿಸಿದರೆ ಏನು ಸಿಗುತ್ತದೆ? ಅವರಿಗೆ ಗೊತ್ತಿಲ್ಲದ್ದರ ಅಧಿಕೃತ ಪ್ರತಿ.

ಇಷ್ಟಾದರೂ ಗಾಯವನ್ನು ಊರಿಗೆಲ್ಲ ತೋರಿಸುವ ಪದ್ಧತಿ ಈ ಆಟದಲ್ಲಿ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಎದುರಾಳಿ ಬಿರುಸಿನಿಂದ ಒಂದರ ಹಿಂದೊಂದು ಸುತ್ತು ಹೂಡುತ್ತಾ ಮುನ್ನುಗ್ಗುತ್ತಿದ್ದಾನೆ ಅನ್ನಿ. ಉಸಿರು ತಿರುಗಿಸಿಕೊಳ್ಳಲು ಪುರುಸೊತ್ತಿಲ್ಲ. ಆಗ ಅಲ್ಲಿಯವರೆಗೆ ಗುಂಡುಕಲ್ಲಿನಂತಿದ್ದ ಹುಡುಗ ಬದಿಯಿಂದ ಸನ್ನೆ ಬಂದದ್ದೇ ಮೀನಖಂಡ ಹಿಡಿದುಕೊಂಡು ಧೊಪ್ಪನೆ ಬೀಳುತ್ತಾನೆ. ಆಟ ನಿಲ್ಲುತ್ತದೆ, ಟ್ರೈನರ್ ಓಡಿ ಬರುತ್ತಾರೆ, ತಂಡ ನೀರು ಕುಡಿಯುತ್ತದೆ. ಒಂದೆರಡು ಸುತ್ತು ಕಳೆದ ಮೇಲೆ ಗಾಯಾಳು ಚಿಗರೆಯಂತೆ ವಾಪಸು. ನಿಜವಾದ ಗಾಯಕ್ಕೆ ಡೇರೆ, ಇಲ್ಲದ ಗಾಯಕ್ಕೆ ಬಯಲಾಟ! 2024ರ ನವೆಂಬರ್ 1ರಂದು ಎಸ್‌ಇಸಿಯ ಆಯುಕ್ತ ಗ್ರೆಗ್ ಸ್ಯಾಂಕಿ, ಈ ಸುಳ್ಳು ಗಾಯದ ನಾಟಕ ನಿಲ್ಲಿಸಿ ಎಂದು ಎಲ್ಲ ಕೋಚುಗಳಿಗೂ ಪತ್ರ ಬರೆಯಬೇಕಾಯಿತು. ಸಿಕ್ಕಿಬಿದ್ದರೆ ಕೋಚಿಗೆ ಮೊದಲ ಸಲ 50,000 ಡಾಲರ್ ದಂಡ, ಎರಡನೆಯ ಸಲ ಒಂದು ಲಕ್ಷ, ಮೂರನೆಯ ಸಲ ಮುಂದಿನ ಪಂದ್ಯಕ್ಕೆ ಅವರೇ ‘ಔಟ್’. ಅದೇ ವರ್ಷ ಅದೇ ಕಚೇರಿ ಗಾಯ ಬಚ್ಚಿಟ್ಟರೆ ದಂಡ ಎಂದದ್ದು ನೆನಪಿದೆಯಲ್ಲ? ಮೊದಲ ತಪ್ಪಿಗೆ ಇಲ್ಲದ ಗಾಯದ ಬೆಲೆ ಇರುವ ಗಾಯದ ಎರಡರಷ್ಟು.

2025ರಿಂದ ಎನ್‌ಸಿಎಎ ಇದಕ್ಕೊಂದು ನಿಯಮವನ್ನೇ ತಂದಿದೆ. ಮುಂದಿನ ಸುತ್ತಿಗೆ ಅಂಪೈರು ಚೆಂಡನ್ನು ಗೆರೆಯ ಮೇಲೆ ಇಟ್ಟಾದ ಬಳಿಕ ಯಾರನ್ನಾದರೂ ಪರೀಕ್ಷಿಸಲು ವೈದ್ಯಕೀಯ ಸಿಬ್ಬಂದಿ ಒಳಗೆ ಬಂದರೆ, ಆ ತಂಡದ ಒಂದು ಟೈಮ್‌ಔಟ್ (ತಂಡ ಕೇಳಿ ಪಡೆಯಬಹುದಾದ ಬಿಡುವು) ಕಡಿತ. ಟೈಮ್‌ಔಟ್ ಮುಗಿದಿದ್ದರೆ ಐದು ಗಜ ಹಿಂದಕ್ಕೆ. ಬಿದ್ದವನದು ನಟನೆಯೋ ನಿಜವೋ ಎಂದು ನಿಯಮ ಕೇಳುವುದಿಲ್ಲ. ಆದ್ದರಿಂದ ಹುಡುಗರು ಇನ್ನು ಮುಂದೆ ನಿಜವಾಗಿ ಮಂಡಿ ಮುರಿದುಕೊಳ್ಳುವುದಿದ್ದರೆ ಚೆಂಡು ಇಡುವುದರೊಳಗೆ ಮುರಿದುಕೊಂಡು, ಆಮೇಲೆ ತೀರಾ ಕಷ್ಟವಾದರೆ ತೆವಳಿಕೊಂಡು ಹೊರಗೆ ಬರತಕ್ಕದ್ದು.