ಟೋಪಿ ಹಾಕುವ ಹಬ್ಬ

ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ಯುಗಾದಿ ವರ್ಷಕ್ಕೆ ಎರಡು ಸಲ ಬರುತ್ತದೆ. ಮೊದಲನೆಯದು ಪಂಚಾಂಗದಲ್ಲಿರುವುದು. ಅದಕ್ಕೆ ಬೆಲ್ಲ ಸಲೀಸಾಗಿ ಸಿಗುತ್ತದೆ, ಬೇವಿಗೆ ಪರದಾಡಬೇಕು. ಎರಡನೆಯದು ಏಪ್ರಿಲ್ ಕೊನೆಯ ಗುರುವಾರದ ಆಸುಪಾಸಿನಲ್ಲಿ ಬರುವ ಫುಟ್‌ಬಾಲ್ ಡ್ರಾಫ್ಟ್. ಅದಕ್ಕೆ ಬೇವು ಬೇಕಾದಷ್ಟಿದೆ. ಬೆಲ್ಲ 1964ರಲ್ಲೇ ಖರ್ಚಾಗಿ ಹೋಯಿತು. ನಮ್ಮೂರಿನ ಬ್ರೌನ್ಸ್ ತಂಡ ಕೊನೆಯ ಸಲ ಚಾಂಪಿಯನ್ ಆದದ್ದು ಆ ವರ್ಷ. ಸೂಪರ್ ಬೌಲ್ ಎಂಬ ಮಹಾಪಂದ್ಯವನ್ನು ಈ ತಂಡ ಇಂದಿನವರೆಗೆ ನಮ್ಮಂತೆಯೇ ಟಿವಿಯಲ್ಲಿ ನೋಡುತ್ತಾ ಬಂದಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಾಲಿಗಿಂತ ಕೈಗೆ ಹೆಚ್ಚು ಕೆಲಸವಿರುವ ಅಮೆರಿಕನ್ ಫುಟ್‌ಬಾಲ್. ಕಾಲೇಜಿನಿಂದ ಬರುವ ಆಟಗಾರರನ್ನು 32 ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. ಐಪಿಎಲ್ ಹರಾಜಿನ ಹಾಗೆ ದುಡ್ಡಿದ್ದವನು ಕೈ ಎತ್ತಿ ಕೊಂಡುಕೊಳ್ಳುವಂತಿಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವನಿಗೆ ಮೊದಲ ಸರದಿ, ಗೆದ್ದು ಬೀಗಿದವನಿಗೆ ಕೊನೆಯದು. ಅಂದರೆ ಫೇಲಾದವನಿಗೆ ಮೊದಲ ಪಂಕ್ತಿಯಲ್ಲಿ ಎಲೆ. ಬಂಡವಾಳಶಾಹಿಯ ತವರಿನಲ್ಲಿ ಸಮಾಜವಾದ ಉಸಿರಾಡುತ್ತಿರುವುದು ಇದೊಂದೇ ಜಾಗದಲ್ಲಿ ಎಂದು ನನ್ನ ಅನುಮಾನ.

1935ರಲ್ಲಿ ಈ ಪದ್ಧತಿ ಬೇಕೆಂದು ಪಟ್ಟು ಹಿಡಿದವರು ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್. ಅವರ ತಂಡ ಆಗ ಹೇಗೆ ಆಡುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. 1936ರ ಫೆಬ್ರುವರಿಯಲ್ಲಿ ಅವರದೇ ಊರಿನ ಹೋಟೆಲೊಂದರಲ್ಲಿ ಕಪ್ಪು ಹಲಗೆಯ ಮೇಲೆ 90 ಹೆಸರು ಬರೆದು ಮೊದಲ ಡ್ರಾಫ್ಟ್ ನಡೆಸಿದರು. ಈಗಲ್ಸ್ ಎಲ್ಲರಿಗಿಂತ ಮೊದಲು ಆರಿಸಿದ್ದು ಜೇ ಬರ್ವಾಂಗರ್ ಎಂಬ ದೇಶಕ್ಕೇ ಹೆಸರಾದ ಹುಡುಗನನ್ನು. ಆತ ಸಂಬಳದ ಲೆಕ್ಕ ಹಾಕಿ ನೋಡಿ, ಈ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡದೆ, ರಬ್ಬರ್ ಕಂಪನಿಯ ಕೆಲಸಕ್ಕೆ ಹೊರಟುಹೋದ. ಈಗಲ್ಸ್ ಆ ವರ್ಷ 12 ಪಂದ್ಯಗಳಲ್ಲಿ 11 ಸೋತಿತು. ಡ್ರಾಫ್ಟಿನ ಸೂತ್ರವೆಲ್ಲ ಈ ಮೊದಲ ವರ್ಷದಲ್ಲೇ ಇದೆ; ಆಮೇಲಿನ ತೊಂಬತ್ತು ವರ್ಷ ನಡೆಯುತ್ತಿರುವುದು ಭಾಷ್ಯ.

ಭಾಷ್ಯಕಾರರಿಗೇನೂ ಕೊರತೆಯಿಲ್ಲ. 2025ರ ಯುಗಾದಿಯಂದು ನಮ್ಮ ಕನ್ನಡಿಗರ ಕೂಟದಲ್ಲಿ ಪುರೋಹಿತರು ಪಂಚಾಂಗ ಶ್ರವಣ ಮಾಡುತ್ತಿದ್ದರು. ಯಾವ ರಾಶಿಗೆ ಆಯ ಎಷ್ಟು, ವ್ಯಯ ಎಷ್ಟು ಎಂದು ಅವರು ಓದುತ್ತಿರುವಾಗ, ಹಿಂದಿನ ಸಾಲಿನಲ್ಲಿ ಇನ್ನೊಂದು ಶ್ರವಣ ನಡೆಯುತ್ತಿತ್ತು. ಹಾಸನ ಕಡೆಯ ಗೆಳೆಯರೊಬ್ಬರು ಮೊಬೈಲಿನಲ್ಲಿ ‘ಮಾಕ್ ಡ್ರಾಫ್ಟ್’ ಓದುತ್ತಿದ್ದರು. ಯಾವ ತಂಡ ಯಾರನ್ನು ಆರಿಸಲಿದೆ ಎಂದು ತಿಂಗಳುಗಟ್ಟಲೆ ಮೊದಲೇ ಹೇಳುವ ಭವಿಷ್ಯವಾಣಿ ಅದು. ಪುರೋಹಿತರ ಪಂಚಾಂಗ ವರ್ಷಕ್ಕೊಮ್ಮೆ ಅಚ್ಚಾಗುತ್ತದೆ. ಮಳೆ ಬಾರದಿದ್ದರೆ ಬೈಸಿಕೊಳ್ಳುವ ಮರ್ಯಾದೆಯಾದರೂ ಅದಕ್ಕಿದೆ. ಇವರ ಪಂಡಿತರು ಜನವರಿಯಿಂದ ವಾರಕ್ಕೊಂದು ಹೊಸ ಆವೃತ್ತಿ ಹೊರಡಿಸುತ್ತಾರೆ. ಹತ್ತು ಆವೃತ್ತಿಗಳಲ್ಲಿ ಹತ್ತು ಹೆಸರು ಹೇಳಿದವನಿಗೆ ಒಂದಾದರೂ ನಿಜವಾಗದೆ ಇರುತ್ತದೆಯೇ? ನಿಜವಾದ ಆ ಒಂದನ್ನು ಮುಂದಿನ ವರ್ಷದವರೆಗೆ ನೆನಪಿಸುತ್ತಾನೆ.

ಬ್ರೌನ್ಸ್ ಅದಕ್ಕೆ ಹಿಂದಿನ ಋತುವಿನಲ್ಲಿ 17 ಪಂದ್ಯಗಳಲ್ಲಿ 14 ಸೋತು ಎರಡನೆಯ ಸರದಿಯನ್ನು ಸಂಪಾದಿಸಿಕೊಂಡಿತ್ತು. ಹಾಗಾಗಿ ಚಿತ್ರಾನ್ನದ ತಟ್ಟೆ ಕೈಗೆ ಬರುವಷ್ಟರಲ್ಲಿ ಮತಗಳು ಸ್ಥಾಪನೆಯಾಗಿದ್ದವು. ಒಂದು ಗುಂಪು ಅದ್ವೈತಿಗಳದು: ಪ್ರತಿಭೆಯೊಂದೇ ಸತ್ಯ, ಸ್ಥಾನವೆಲ್ಲ ಮಿಥ್ಯೆ, ಸರದಿ ಬಂದಾಗ ಉಳಿದವರಲ್ಲಿ ಯಾರು ಶ್ರೇಷ್ಠನೋ ಅವನನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬೇಕು. ಎರಡನೆಯವರು ದ್ವೈತಿಗಳು. ಇವರಿಗೆ ತಾರತಮ್ಯವೇ ಪ್ರಾಣ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಸರ್ವೋತ್ತಮ. ಅವನ ಬೆನ್ನು ಕಾಯುವ ಲೆಫ್ಟ್ ಟ್ಯಾಕಲ್ ಅವನಿಗಿಂತ ಒಂದು ಮೆಟ್ಟಿಲು ಕೆಳಗೆ, ಎದುರು ತಂಡದ ಕ್ವಾರ್ಟರ್‌ಬ್ಯಾಕನ್ನು ಕೆಡವಲು ನುಗ್ಗುವವನು ಅವನ ಪಕ್ಕದಲ್ಲಿ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಎಷ್ಟೋ ಕೆಳಗೆ, ಚೆಂಡನ್ನು ನಿಜವಾಗಿ ಕಾಲಿನಿಂದ ಒದೆಯುವ ಬಡಪಾಯಿ ಕಿಕ್ಕರ್ ಪಾತಾಳದಲ್ಲಿ. ಮೂರನೆಯವರು ವಿಶಿಷ್ಟಾದ್ವೈತಿಗಳು: ಶ್ರೇಷ್ಠನೇ ಬೇಕು, ಆದರೆ ನಮ್ಮಲ್ಲಿ ಖಾಲಿ ಇರುವ ಸ್ಥಾನದಲ್ಲಿ ಶ್ರೇಷ್ಠನಾಗಿರಬೇಕು.

ಆ ವರ್ಷ ಟ್ರಾವಿಸ್ ಹಂಟರ್ ಎಂಬ ಹುಡುಗ ಮೂರೂ ಮತಗಳಿಗೆ ಗಂಡಾಂತರ ತಂದಿಟ್ಟಿದ್ದ. ಕಾಲೇಜಿನಲ್ಲಿ ಆತ ಚೆಂಡು ಹಿಡಿಯುವ ರಿಸೀವರ್ ಆಗಿಯೂ, ಹಿಡಿಯದಂತೆ ತಡೆಯುವ ಕಾರ್ನರ್‌ಬ್ಯಾಕ್ ಆಗಿಯೂ ಆಡುತ್ತಿದ್ದ. ಅವನನ್ನು ಯಾವ ಸ್ಥಾನದ ಲೆಕ್ಕಕ್ಕೆ ಬರೆದುಕೊಳ್ಳಬೇಕು? ಈ ಪ್ರಶ್ನೆ ಪಾಯಸದವರೆಗೂ ನಡೆಯಿತು. ಪುರೋಹಿತರು ಕನ್ಯಾ ರಾಶಿಯ ಫಲ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನನ್ನದು ಅದೇ ರಾಶಿ, ಹಾಗಾಗಿ ಇದನ್ನು ನಾನು ಮರೆತಿಲ್ಲ.

ಏಪ್ರಿಲಿನಲ್ಲಿ ಬ್ರೌನ್ಸ್ ಏನು ಮಾಡಿತು? ಎರಡನೆಯ ಸರದಿಯನ್ನೇ ಜಾಕ್ಸನ್‌ವಿಲ್ ತಂಡಕ್ಕೆ ಬಿಟ್ಟುಕೊಟ್ಟು, ಐದನೆಯದಕ್ಕೆ ಇಳಿದು, ಬದಲಿಗೆ ಮುಂದಿನ ವರ್ಷದ ಮೊದಲ ಸುತ್ತಿನ ಇನ್ನೊಂದು ಸರದಿಯನ್ನೂ ಕೂಡಿಸಿಕೊಂಡು, ಯುಗಾದಿಯ ದಿನ ಯಾವ ಮತದವರೂ ಹೆಸರೆತ್ತದ, ಎದುರು ತಂಡವನ್ನು ನಟ್ಟನಡುವೆ ತಡೆಯುವ ಡಿಫೆನ್ಸಿವ್ ಟ್ಯಾಕಲ್ ಒಬ್ಬನನ್ನು ಆರಿಸಿತು. ಆಮೇಲೆ ಮೂರನೆಯ ಸುತ್ತಿನಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್, ಐದನೆಯ ಸುತ್ತಿನಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್. ಮನೆಯಲ್ಲಿ ಅದಾಗಲೇ ಮೂವರಿದ್ದರು. ಆಡುವುದು ಒಮ್ಮೆಗೆ ಒಬ್ಬನೇ ಎಂಬ ನಿಯಮ ಈಗಲೂ ಬದಲಾಗಿಲ್ಲ.

ಈ ಊರಿನ ಕ್ವಾರ್ಟರ್‌ಬ್ಯಾಕ್ ಪುರಾಣಕ್ಕೆ ಒಂದು ಸಂಖ್ಯಾಶಾಸ್ತ್ರವೂ ಇದೆ. 2007ರಲ್ಲಿ ಬ್ರಾಡಿ ಕ್ವಿನ್, 2012ರಲ್ಲಿ ಬ್ರ್ಯಾಂಡನ್ ವೀಡನ್, 2014ರಲ್ಲಿ ಜಾನಿ ಮ್ಯಾಂಜಿಯಲ್: ಮೂವರೂ ಕ್ವಾರ್ಟರ್‌ಬ್ಯಾಕ್‌ಗಳು, ಮೂವರನ್ನೂ ಆರಿಸಿದ್ದು 22ನೇ ಸರದಿಯಲ್ಲಿ, ಮೂವರೂ ಉಳಿಯಲಿಲ್ಲ. ಒಂದೇ ಹೊಂಡಕ್ಕೆ ಮೂರು ಸಲ ಬಿದ್ದವನು ಹೊಂಡವನ್ನು ಬೈಯಬಹುದು, ಕಾಲನ್ನು ಬೈಯಬಹುದು. ನಮ್ಮವರು ಪಾದರಕ್ಷೆಯ ಅಳತೆಯ ಬಗ್ಗೆ ಚರ್ಚಿಸುತ್ತಾರೆ. 1999ರಿಂದ ಈಚೆಗೆ ಪಂದ್ಯ ಆರಂಭಿಸಿದ ಕ್ವಾರ್ಟರ್‌ಬ್ಯಾಕ್‌ಗಳ ಸಂಖ್ಯೆ 40 ದಾಟಿದೆ. ಒಂದೇ ಜೆರ್ಸಿಯ ಬೆನ್ನಿನ ಮೇಲೆ ಒಂದರ ಕೆಳಗೊಂದು ಹೆಸರು ಅಂಟಿಸುತ್ತಾ ಹೋದ ಅಭಿಮಾನಿಯೊಬ್ಬನ ಕಥೆ ಇಲ್ಲಿ ಎಲ್ಲರಿಗೂ ಗೊತ್ತು.

ಅಳತೆ ಎಂದೆನಲ್ಲ, ಅದೂ ಇದೆ. ಪ್ರತಿ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಈ ಹುಡುಗರನ್ನೆಲ್ಲ ಸೇರಿಸಿ 40 ಗಜ ಓಡಿಸುತ್ತಾರೆ, ಜಿಗಿಸುತ್ತಾರೆ, ತೂಗುತ್ತಾರೆ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಂಗೈ ಅಳೆಯುತ್ತಾರೆ. ಗೇಣು ಒಂಬತ್ತು ಅಂಗುಲಕ್ಕೆ ಕಡಿಮೆ ಬಂದರೆ ಟಿವಿಯಲ್ಲಿ ಸೂತಕ. ನಮ್ಮಲ್ಲಿ ಎತ್ತಿನ ಹಲ್ಲು, ಸುಳಿ ನೋಡುವವರೂ ಟವೆಲ್ ಮುಚ್ಚಿ ಬೆರಳಲ್ಲೇ ವ್ಯಾಪಾರ ಮುಗಿಸುತ್ತಾರೆ. ಇಲ್ಲಿ ಮನುಷ್ಯರ ಅಂಗಾಂಗವನ್ನು ನೇರ ಪ್ರಸಾರದಲ್ಲಿ ಓದಿ ಹೇಳುವವನಿಗೆ ಕೋಟು, ಟೈ. ಇಷ್ಟೆಲ್ಲ ಅಳೆದ ಮೇಲೂ 2000ದ ಡ್ರಾಫ್ಟಿನಲ್ಲಿ ಟಾಮ್ ಬ್ರಾಡಿ ಎಂಬಾತನಿಗಿಂತ ಮೊದಲು ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ಆತ 199ನೆಯವನಾಗಿ ಹೋಗಿ ಏಳು ಸೂಪರ್ ಬೌಲ್ ಗೆದ್ದ. ಆ ಆರರಲ್ಲಿ ಬ್ರೌನ್ಸ್ ಆರಿಸಿದವನೂ ಒಬ್ಬನಿದ್ದ ಎಂದು ಹೇಳಿದರೆ ನೀವು ಆಶ್ಚರ್ಯಪಡುವುದಿಲ್ಲ ಎಂದುಕೊಂಡಿದ್ದೇನೆ.

ತಂಡಗಳು ಅದಲುಬದಲು ಮಾಡಿಕೊಳ್ಳುವ ಸರದಿಗಳಿಗೆ ದರಪಟ್ಟಿಯೂ ಉಂಟು. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ತಂಡದವರು ಮಾಡಿಕೊಂಡದ್ದು: ಮೊದಲ ಸರದಿಗೆ 3000 ಅಂಕ, ಎರಡನೆಯದಕ್ಕೆ 2600, ಮೂರನೆಯದಕ್ಕೆ 2200. ಹಾಸನದ ಗೆಳೆಯರ ಮಗ, ಹೈಸ್ಕೂಲು ಹುಡುಗ, ಇದನ್ನು ಮಗ್ಗಿಯಂತೆ ಒಪ್ಪಿಸುತ್ತಾನೆ. ಮಗ್ಗಿ ಕೇಳಿದರೆ ಫೋನ್ ತೆಗೆಯುತ್ತಾನೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, ಅವರಿಗೆ 2017ರಲ್ಲಿ ನೊಬೆಲ್ ಬಂತು, ಕೇಡ್ ಮ್ಯಾಸಿ ಎಂಬವರ ಜೊತೆ ಕೂತು ಈ ಬಾಬತ್ತನ್ನೇ ಲೆಕ್ಕ ಹಾಕಿದ್ದರು. ಒಂದೇ ಸ್ಥಾನಕ್ಕೆ ಮೊದಲು ಆರಿಸಿದವನು, ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಉತ್ತಮ ಆಟಗಾರನಾಗಿ ಹೊರಹೊಮ್ಮುವ ಸಾಧ್ಯತೆ ಶೇಕಡಾ 52. ನಾಣ್ಯ ಚಿಮ್ಮಿದರೆ 50. ಉಳಿದ ಎರಡು ಪರ್ಸೆಂಟಿಗಾಗಿ ಇಡೀ ವರ್ಷ ಟಿವಿ ವಾಹಿನಿಗಳು, ಅಂಗೈ ಅಳೆಯುವ ಪಟ್ಟಿಗಳು, ನಮ್ಮ ಯುಗಾದಿಯ ಪಾಯಸ.

ಪಶ್ಚಿಮ ತೀರದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡ ಇದನ್ನು ಪ್ರಯೋಗ ಮಾಡಿಯೇ ತೋರಿಸಿತು. 2021ರಲ್ಲಿ ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನು ಕೊಟ್ಟು, ಮೂರನೆಯ ಸ್ಥಾನಕ್ಕೆ ಏರಿ, ಟ್ರೇ ಲ್ಯಾನ್ಸ್ ಎಂಬ ಕ್ವಾರ್ಟರ್‌ಬ್ಯಾಕನ್ನು ತಂದರು. ಎರಡೇ ವರ್ಷಕ್ಕೆ ಅವನನ್ನು ನಾಲ್ಕನೆಯ ಸುತ್ತಿನ ಒಂದು ಸರದಿಗೆ ಮಾರಿದರು. ಏಕೆಂದರೆ ಅಷ್ಟರಲ್ಲಿ, 2022ರಲ್ಲಿ, ಹೋಗಲಿ ಎಂದು ಆರಿಸಿದ್ದ ಬ್ರಾಕ್ ಪರ್ಡಿ ಬೇರೂರಿಬಿಟ್ಟಿದ್ದ. ಪರ್ಡಿ ಆ ಡ್ರಾಫ್ಟಿನ 262ನೆಯವನು, ಅಂದರೆ ಕಟ್ಟಕಡೆಯವನು. ಕೊನೆಯವನಿಗೆ ಇಲ್ಲಿ ‘ಮಿಸ್ಟರ್ ಇರೆಲೆವೆಂಟ್’ ಎಂಬ ಬಿರುದು ಕೊಟ್ಟು ಕ್ಯಾಲಿಫೋರ್ನಿಯಾದಲ್ಲಿ ಮೆರವಣಿಗೆ ಮಾಡುವ ಸಂಪ್ರದಾಯ 1976ರಿಂದ ಇದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ನಾವು ಚಿಕ್ಕ ತಮ್ಮಂದಿರನ್ನು ಕುಂಟೆಬಿಲ್ಲೆಗೆ ಸೇರಿಸಿಕೊಳ್ಳುತ್ತಿದ್ದೆವಲ್ಲ, ಅದೇ. ಆ ಲೆಕ್ಕಕ್ಕಿಲ್ಲದವನು ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದ. 2025ರಲ್ಲಿ ಅವನ ಜೊತೆ ಮಾಡಿಕೊಂಡ ಐದು ವರ್ಷದ ಒಪ್ಪಂದ 26.5 ಕೋಟಿ ಡಾಲರಿನದು.

ಈ ಕಥೆ ಹೇಳಿದರೆ ನಮ್ಮವರು ಒಪ್ಪುವುದಿಲ್ಲ. ‘ಅದು ಅದೃಷ್ಟ, ಸ್ವಾಮಿ’ ಎನ್ನುತ್ತಾರೆ ಗೆಳೆಯರು. ತಾವು ಹೇಳಿದ್ದು ನಿಜವಾದರೆ ಶಾಸ್ತ್ರ, ಬೇರೆಯವರದು ನಿಜವಾದರೆ ಅದೃಷ್ಟ. ಅವರಿಗೆ ನಿಜವಾಗಿ ನೋವಾಗುವ ಕಥೆ ಬೇರೆಯಿದೆ; ಅದನ್ನು ಈ ಊರಿನಲ್ಲಿ ದನಿ ತಗ್ಗಿಸಿ ಹೇಳಬೇಕು. 1995ರ ಋತು ಮುಗಿದ ಮೇಲೆ ಹಳೆಯ ಮಾಲೀಕರು ತಂಡವನ್ನು ಕಟ್ಟಿಕೊಂಡು ಬಾಲ್ಟಿಮೋರಿಗೆ ಹೋದರು. ಬ್ರೌನ್ಸ್ ಎಂಬ ಹೆಸರು, ಬಣ್ಣ, ಹಳೆಯ ದಾಖಲೆಗಳನ್ನು ಮಾತ್ರ ಇಲ್ಲಿ ಬಿಟ್ಟರು. ಮೂರು ವರ್ಷ ಊರಿನಲ್ಲಿ ತಂಡವೇ ಇರಲಿಲ್ಲ; ಅದೇ ಹೆಸರಿನ ಹೊಸ ತಂಡ ಬಂದದ್ದು 1999ರಲ್ಲಿ. ಆ ಹೋದವರು ರೇವನ್ಸ್ ಎಂಬ ಹೊಸ ಹೆಸರಿನಲ್ಲಿ 1996ರ ಡ್ರಾಫ್ಟಿಗೆ ಕೂತರು. ಆರಿಸುವ ಹೊಣೆ ಓಜಿ ನ್ಯೂಸಮ್ ಅವರದು, ಅವರೇ ಹಿಂದೆ ಬ್ರೌನ್ಸ್‌ಗೆ ಆಡಿದವರು. ನಾಲ್ಕನೆಯ ಸರದಿಯಲ್ಲಿ ಜೋನಾಥನ್ ಆಗ್ಡನ್ ಎಂಬ ಲೆಫ್ಟ್ ಟ್ಯಾಕಲನ್ನು ತೆಗೆದುಕೊಂಡರು. ತಂಡದಲ್ಲಿ ಆಗಲೇ ಒಬ್ಬ ಲೆಫ್ಟ್ ಟ್ಯಾಕಲ್ ಇದ್ದ. ಆಗ್ಡನ್ ಮೊದಲ ವರ್ಷ ಪಕ್ಕದ ಸ್ಥಾನದಲ್ಲಿ ಆಡಿ ಕಾಲ ಕಳೆದ. 26ನೆಯ ಸರದಿಯಲ್ಲಿ ರೇ ಲೂಯಿಸ್ ಬಂದ. ಇಬ್ಬರೂ ಮುಂದೆ ಈ ಆಟದ ಮಹಾರಥಿಗಳ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು, ರೇವನ್ಸ್ ಎರಡು ಸೂಪರ್ ಬೌಲ್ ಗೆದ್ದಿತು. ಆ ಇಬ್ಬರನ್ನು ಆರಿಸಿದಾಗ ಅದೇ ಮಾಲೀಕ, ಅದೇ ಆಟ. ಕುರ್ಚಿಯಲ್ಲಿ ಆರಿಸುತ್ತಾ ಕೂತವನು ಮಾತ್ರ ಬೇರೆ.

ಹಾಗಾದರೆ ಚರ್ಚೆಯಾಗಬೇಕಾದ್ದು ಆ ಕುರ್ಚಿಯ ಬಗ್ಗೆ ಅಲ್ಲವೇ? ಅದು ಮಾತ್ರ ಆಗುವುದಿಲ್ಲ. 2022ರಲ್ಲಿ ಬ್ರೌನ್ಸ್ ಮಾಲೀಕರು, ಹಲವಾರು ಮಹಿಳೆಯರು ಲೈಂಗಿಕ ದುರ್ವರ್ತನೆಯ ದಾವೆ ಹೂಡಿದ್ದ ಡೆಶಾನ್ ವಾಟ್ಸನ್ ಎಂಬ ಕ್ವಾರ್ಟರ್‌ಬ್ಯಾಕ್‌ಗಾಗಿ ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನು ಕೊಟ್ಟರು. ಮೇಲೆ 23 ಕೋಟಿ ಡಾಲರ್, ಆಡಲಿ ಬಿಡಲಿ ಪೂರ್ತಿ ಖಾತರಿ. ಆತ ಮೊದಲ ವರ್ಷ 11 ಪಂದ್ಯ ನಿಷೇಧದಲ್ಲಿ ಕಳೆದ, ಆಮೇಲೆ ಗಾಯದಲ್ಲಿ. ಕಡೆಗೆ ಮಾಲೀಕರೇ ಗುರಿ ತಪ್ಪಿತು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಅಂದರೆ 2022, 2023, 2024, ಈ ಮೂರು ಏಪ್ರಿಲ್‌ಗಳಲ್ಲಿ ಮೊದಲ ಸುತ್ತಿನಲ್ಲಿ ನಮ್ಮ ತಂಡಕ್ಕೆ ಎಲೆಯೇ ಇರಲಿಲ್ಲ. ಚರ್ಚೆ ನಿಂತಿತೇ? ಇಲ್ಲ. ಊಟವಿಲ್ಲದ ಮನೆಯಲ್ಲಿ ಕೋಸಂಬರಿಗೆ ಹೆಸರುಬೇಳೆಯೋ ಕಡಲೆಬೇಳೆಯೋ ಎಂಬ ವಾದ ಮೂರು ವರ್ಷವೂ ಅದೇ ಬಿಸಿಯಲ್ಲಿ ನಡೆಯಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುವುದು ನಮ್ಮಲ್ಲಿ ಗಾದೆ; ಇಲ್ಲಿ ಅದು ವಿಧಿ. ಹೆಸರು ಕೂಗಿದ ತಕ್ಷಣ ಹುಡುಗ ವೇದಿಕೆಗೆ ಬರುತ್ತಾನೆ, ತಲೆಗೊಂದು ಟೋಪಿ ಇಡುತ್ತಾರೆ. 2024ರಲ್ಲಿ ಡೆಟ್ರಾಯಿಟಿನಲ್ಲಿ ಮೂರು ದಿನಗಳಲ್ಲಿ ಏಳೂಮುಕ್ಕಾಲು ಲಕ್ಷ ಜನ ಸೇರಿದ್ದರು. ಪಂದ್ಯ ನೋಡಲು ಅಲ್ಲ, ಹಾಜರಿ ಕೂಗುವುದನ್ನು ಕೇಳಲು. ಆ ಟೋಪಿ ಬಿದ್ದದ್ದು ಯಾರ ತಲೆಗೆ ಎಂಬುದು ತಿಳಿಯಲು ಮೂರು ವರ್ಷ ಬೇಕು. ಅಷ್ಟರಲ್ಲಿ ಅಂಗಡಿಯಲ್ಲಿ ಅದರದೇ ನಮೂನೆಯ ಟೋಪಿ ಕೊಂಡವರು ಹೊಸದಕ್ಕೆ ಸಾಲು ನಿಂತಿರುತ್ತಾರೆ. ನನ್ನ ಮನೆಯಲ್ಲಿ ಇಂಥವು ನಾಲ್ಕಿವೆ. ಯಾರೂ ಕೇಳಬೇಡಿ.

ಆ ಯುಗಾದಿಯ ದಿನ ಚಪ್ಪಲಿ ಹುಡುಕುವ ಹೊತ್ತಿಗೆ ಗೆಳೆಯರು ನನ್ನನ್ನೂ ಎಳೆದರು.

‘ನೀವು ಬಾಯೇ ಬಿಡಲಿಲ್ಲ. ಹೇಳಿ ಸ್ವಾಮಿ, ನಮಗೆ ಮೊದಲು ತುಂಬಬೇಕಾದ ಸ್ಥಾನ ಯಾವುದು?’

‘ಮಾಲೀಕರದು’ ಎಂದೆ.

ಅವರು ನಗಲಿಲ್ಲ. ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಗಂಭೀರವಾಗಿ ಯೋಚಿಸಿದರು.

‘ಅದು ಡ್ರಾಫ್ಟಿಗೆ ಬರುವುದಿಲ್ಲ’ ಎಂದರು. ಇನ್ನೊಂದು ಚಪ್ಪಲಿ ಸಿಕ್ಕ ಮೇಲೆ ಸೇರಿಸಿದರು: ‘ಬಂದರೂ ಏನು ಪ್ರಯೋಜನ? ಆರಿಸುವವರು ನಮ್ಮವರೇ ತಾನೇ!’