ಅಮ್ಮನ ರಾಣಿ ಭೋಗ

ನಿನ್ನೆ ಸಾಗರದ ಹತ್ತಿರ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಬಂದಾಗಿನಿಂದ ತಲೆ ಬಿಸಿಯಾಗಿದೆ. ರಾತ್ರಿಯೇ ಬರೆಯೋಣ ಅಂತ ಕೂತೆ, ಬೈಗುಳ ಬಿಟ್ಟು ಬೇರೇನೂ ಬರಲಿಲ್ಲ. ಈಗ ಸ್ವಲ್ಪ ತಣ್ಣಗಾಗಿದ್ದೇನೆ. ಸ್ವಲ್ಪ ಮಾತ್ರ.

ಅಮ್ಮನ ಸಿಒಪಿಡಿ (ಉಸಿರಾಟವೇ ಕಷ್ಟವಾಗುವ, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ವಿಷಯ ನಿಮಗೆಲ್ಲ ಗೊತ್ತೇ ಇದೆ, ಎಷ್ಟೋ ಸಲ ಬರೆದು ತಲೆ ತಿಂದಿದ್ದೇನೆ. ನಿನ್ನೆ ಅವಳು ಚಪ್ಪರದ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಎದುರಿಗೊಂದು ಸ್ಟೂಲ್ ಇಟ್ಟುಕೊಂಡು ವೀಳ್ಯದೆಲೆ ಒರೆಸಿ ಜೋಡಿಸುತ್ತಿದ್ದಳು. ನಮ್ಮ ಅತ್ತೆಯೊಬ್ಬರು (ಹೆಸರು ಬೇಡ, ಫೇಸ್‌ಬುಕ್‌ನಲ್ಲೇ ಇದ್ದಾರೆ, ಓದಲಿ) ಪಾಯಸದ ಬಕೆಟ್ ಹಿಡಿದು ಹೋಗುತ್ತ, "ಅತ್ತಿಗೆಗೆ ಈಗ ರಾಣಿ ಭೋಗ. ಎಲ್ಲ ಕೂತಲ್ಲೇ" ಅಂದರು. ಸುತ್ತ ಇದ್ದವರು ನಕ್ಕರು. ಅಮ್ಮನೂ ನಕ್ಕಳು. ಆಮೇಲೆ ಎದ್ದು, ಯಾರೂ ಕೇಳದಿದ್ದರೂ, ತುಂಬಿದ ನೀರಿನ ಕೊಡ ಎತ್ತಿಕೊಂಡು ಜಗಲಿಯ ಮೆಟ್ಟಿಲು ಹತ್ತಿದಳು. ಮೂರೇ ಮೆಟ್ಟಿಲು. ಮೇಲೆ ಹೋಗುವಷ್ಟರಲ್ಲಿ ದಮ್ಮು ಕಟ್ಟಿತು.

ಆಮೇಲೆ ನಡೆದದ್ದು ನಾಟಕ. ಒಬ್ಬರು ಬಾಳೆಲೆಯಲ್ಲಿ ಗಾಳಿ ಬೀಸಿದರು. ಇನ್ನೊಬ್ಬರು "ಮಲಗಿಸಿ, ಮಲಗಿಸಿ" ಅಂದರು. ದಿನಾ ಬೆಳಿಗ್ಗೆ ಯೋಗದ ವಿಡಿಯೋ ಕಳಿಸುವ ಭಾವ ಒಬ್ಬರು, "ಜೋರಾಗಿ ಉಸಿರು ಎಳ್ಕೊಳ್ಳಿ, ಇನ್ನೂ ಎಳ್ಕೊಳ್ಳಿ" ಅಂತ ಕೂಗಿದರು.

ಎಳೆದುಕೊಳ್ಳುವುದಲ್ಲ ಸ್ವಾಮಿ, ಬಿಡುವುದು! ಈ ಕಾಯಿಲೆಯಲ್ಲಿ ಕಷ್ಟ ಇರುವುದೇ ಅಲ್ಲಿ. ಒಳಗಿನ ಸಣ್ಣ ಸಣ್ಣ ಗಾಳಿ ಕೊಳವೆಗಳು ಕಿರಿದಾಗಿರುತ್ತವೆ. ಗಾಳಿ ಪೂರ್ತಿ ಹೊರಗೆ ಹೋಗುವ ಮೊದಲೇ ಅಂಟಿಕೊಂಡು ಮುಚ್ಚಿಕೊಳ್ಳುತ್ತವೆ. ಹಳೇ ಗಾಳಿ ಒಳಗೇ ಸಿಕ್ಕಿಕೊಂಡಿರುವಾಗ ಹೊಸದಕ್ಕೆ ಜಾಗ ಎಲ್ಲಿ? ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ಯಿರಿ ಅಂದ ಹಾಗಾಯಿತು ಭಾವನ ಸಲಹೆ.

ಎಲ್ಲರನ್ನೂ ಸರಿಸಿ ಅಮ್ಮನನ್ನು ಕೂರಿಸಿದೆ. ಮುಂದಕ್ಕೆ ಬಾಗಿ ಮೊಣಕೈ ತೊಡೆಯ ಮೇಲೆ ಊರಿದಳು. ಮೂಗಿನಿಂದ ಒಂದು, ಎರಡು ಎಣಿಸುವಷ್ಟು ಒಳಗೆ. ತುಟಿ ಚೂಪು ಮಾಡಿ ನಾಲ್ಕು ಎಣಿಸುವಷ್ಟು ಹೊರಗೆ. ತುಟಿಯ ಹತ್ತಿರ ಗಾಳಿಗೆ ಸ್ವಲ್ಪ ತಡೆ ಸಿಕ್ಕರೆ ಒಳಗಿನ ಕೊಳವೆಗಳು ಬೇಗ ಮುಚ್ಚಿಕೊಳ್ಳುವುದಿಲ್ಲ. ಇಷ್ಟೇ ಗುಟ್ಟು. ನಿಧಾನಕ್ಕೆ ಮುಖಕ್ಕೆ ಬಣ್ಣ ಬಂತು.

ಇದನ್ನು ಕಲಿಸಿದ ಫಿಸಿಯೋಥೆರಪಿಸ್ಟ್ ಹುಡುಗಿ, "ದೀಪ ಆರಬಾರದು ಅಮ್ಮಾ, ಕುಡಿ ಅಲ್ಲಾಡಬೇಕು, ಅಷ್ಟು ಮೆತ್ತಗೆ ಊದಿ" ಅಂದಿದ್ದಳು. ಅಮ್ಮ ಒಂದು ಸಲ ಮಾಡಿ ನೋಡಿ, "ಇದೇನು ಹೊಸದಾ? ನಲವತ್ತು ವರ್ಷ ಊದುಗೊಳವೆ ಹಿಡಿದು ಇದನ್ನೇ ಮಾಡಿದ್ದಲ್ವಾ" ಅಂದಳು. ಹುಡುಗಿ ನಕ್ಕಳು. ನಾನು ಸುಮ್ನೆ ಕಾರಿಡಾರಿಗೆ ಹೋಗಿ ನಿಂತೆ.

ಬೀಡಿ ಸೇದುತ್ತಿದ್ದರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ ಮಾರಾಯ್ರೇ, ಅಡುಗೆ ಮಾಡುತ್ತಿದ್ದರು. ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಗೆ ಸೌದೆಯೇ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆಗೂ ಸೌದೆಯೇ. ಆ ಹೊಗೆಯೆಲ್ಲ ಎಲ್ಲಿ ಹೋಯಿತು ಅಂದುಕೊಂಡಿರಿ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ 35 ಲಕ್ಷ ಜನ ಈ ಕಾಯಿಲೆಯಿಂದ ಸತ್ತಿದ್ದಾರೆ. ಅವರಲ್ಲಿ ಬೀಡಿ ಸಿಗರೇಟು ಮುಟ್ಟದ ಅಮ್ಮಂದಿರೂ ಇದ್ದಾರೆ.

ರಾಣಿ ಭೋಗಕ್ಕೆ ಬರುತ್ತೇನೆ. ಆ ಮಾತು ಇನ್ನೂ ಚುಚ್ಚುತ್ತಿದೆ.

ನಮಗೆ ಉಸಿರಾಡುವುದು ಪುಕ್ಕಟೆ ಕೆಲಸ. ಅಮ್ಮನಿಗೆ ಹಾಗಲ್ಲ, ಸುಮ್ಮನೆ ಕೂತು ಉಸಿರಾಡುವುದಕ್ಕೇ ನಮಗಿಂತ ಎಷ್ಟೋ ಪಟ್ಟು ಶಕ್ತಿ ಬೇಕು. ದಿನಕ್ಕೆ ಇರುವ ಶಕ್ತಿ ಇಷ್ಟೇ ಅಂದಮೇಲೆ ಎಲ್ಲಿ ಖರ್ಚು ಮಾಡಬೇಕು ಅಂತ ಲೆಕ್ಕ ಹಾಕಲೇಬೇಕು. ಅದಕ್ಕೇ ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲ್, ಕೂತೇ ಸ್ನಾನ. ಹಬೆ ತುಂಬದಂತೆ ಕಿಟಕಿ ತೆರೆದಿರುತ್ತದೆ. ಮೈ ಉಜ್ಜಿ ಒರೆಸಿಕೊಳ್ಳುವುದಿಲ್ಲ, ದೊಡ್ಡ ಟವೆಲ್ ಸುತ್ತಿಕೊಂಡು ಐದು ನಿಮಿಷ ಕೂರುತ್ತಾಳೆ. ಕೈ ಮೇಲೆತ್ತಿ ಮಾಡುವ ಕೆಲಸ ಅವಳಿಗೆ ಎಲ್ಲಕ್ಕಿಂತ ಕಷ್ಟ, ಹಾಗಾಗಿ ತಲೆ ಬಾಚುವಾಗ ಮೊಣಕೈ ಮೇಜಿನ ಮೇಲೆ. ಬಟ್ಟೆ ಒಣಗಿಸುವ ತಂತಿಯನ್ನು ಎದೆಯ ಮಟ್ಟಕ್ಕೆ ಇಳಿಸಿ ಕಟ್ಟಿದ್ದೇನೆ. ಉಪ್ಪು, ಹುಳಿ, ಬೇಳೆ ಎಲ್ಲ ಸೊಂಟದೆತ್ತರದ ಕಪಾಟಿಗೆ ಬಂದಿವೆ. ನೆಲದಲ್ಲಿ ಕೂತು ಬಾಗಿದರೆ ಹೊಟ್ಟೆ ಒತ್ತುತ್ತದೆ ಅಂತ ಮೆಟ್ಟುಗತ್ತಿ ಅಟ್ಟ ಸೇರಿತು. ಅದಕ್ಕೆ ಮಾತ್ರ ಅಮ್ಮ ಎರಡು ದಿನ ಮುನಿಸಿಕೊಂಡಿದ್ದಳು. ಹೊಟ್ಟೆ ಬಿರಿಯ ಉಂಡರೂ ಉಸಿರಿಗೆ ತೊಂದರೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ನಾಲ್ಕೈದು ಸಲ. ಇದನ್ನೂ ಯಾರೋ ಭೋಗ ಅಂದಾರು!

ಅಲ್ಲ, ಒಂದು ಮಾತು ಕೇಳುತ್ತೇನೆ. ನಮ್ಮ ಕಡೆ ರಾತ್ರಿಯೆಲ್ಲ ಕೂತು ಅಡಿಕೆ ಸುಲಿಯುತ್ತಾರಲ್ವಾ? ಅವರನ್ನು ಯಾರಾದರೂ ಸೋಮಾರಿ ಅಂದಿದ್ದಾರಾ? ನಿಂತು ಸುಲಿಯಿರಿ ನೋಡೋಣ. ಕೂತು ಮಾಡಿದರೂ ಕೆಲಸ ಕೆಲಸವೇ. ಆದರೆ ಹೆಂಗಸು ಮನೆಯೊಳಗೆ ಕುರ್ಚಿ ಮೇಲೆ ಕೂತು ತರಕಾರಿ ಹೆಚ್ಚಿದರೆ ಅದು ಹೇಗೆ ರಾಣಿ ಭೋಗವಾಗುತ್ತದೆ?

"ಹೀಗೆ ಕೂರಿಸಿದರೆ ಇನ್ನೂ ಜಡ್ಡುಗಟ್ಟಲ್ವಾ" ಅಂತ ನಿನ್ನೆಯೇ ಒಬ್ಬರು ಕೇಳಿದರು. ಪೂರ್ತಿ ತಪ್ಪಲ್ಲ. ಕಾಲಿನ ಮಾಂಸಖಂಡ ಸೋತರೆ ಉಸಿರಿಗೂ ಕಷ್ಟ, ನಡೆಯಲೇಬೇಕು ಅಂತ ಡಾಕ್ಟರೂ ಹೇಳಿದ್ದಾರೆ. ಅದಕ್ಕೇ ಅಲ್ವಾ ಈ ಉಳಿತಾಯ! ಸ್ನಾನದಲ್ಲೇ ಸುಸ್ತಾದರೆ ನಡೆಯುವುದು ಯಾವಾಗ? ಅಮ್ಮ ದಿನಾ ಸಂಜೆ ತೋಟದ ದಾರಿಯಲ್ಲಿ 20 ನಿಮಿಷ ನಡೆಯುತ್ತಾಳೆ, ನಡುವೆ ಎರಡು ಸಲ ನಿಂತು. ಕೇಳಿದವರು ಮನೆಯಿಂದ ಹಾಲಿನ ಡೇರಿಗೂ ಸ್ಕೂಟರ್‌ನಲ್ಲೇ ಹೋಗುವವರು, ಇರಲಿ.

ಭಾವ ಕಳಿಸುವ ಕಪಾಲಭಾತಿ ವಿಡಿಯೋಗಳಿಗೂ ಉತ್ತರ ಹೇಳಿಬಿಡುತ್ತೇನೆ. ಪ್ರಾಣಾಯಾಮದ ಮೇಲೆ ನನಗೆ ಸಿಟ್ಟಿಲ್ಲ. ನಿಧಾನ ಉಸಿರಾಟ ಒಳ್ಳೆಯದೇ. ಆದರೆ ಹೊಟ್ಟೆ ಕುಟ್ಟಿ ಕುಟ್ಟಿ ಬೇಗ ಬೇಗ ಉಸಿರು ತಳ್ಳಿದರೆ ಇವರ ಎದೆಯಲ್ಲಿ ಗಾಳಿ ಇನ್ನೂ ಸಿಕ್ಕಿಕೊಳ್ಳುತ್ತದೆ. ಫಾರ್ವರ್ಡ್ ಮಾಡುವ ಮೊದಲು ಯಾರಿಗೆ ಕಳಿಸುತ್ತಿದ್ದೇವೆ ಅಂತ ನೋಡಬಾರದಾ?

ಇಷ್ಟೆಲ್ಲ ಬರೆದು ಒಳ್ಳೆಯ ಮಗನ ಹಾಗೆ ಕೂತಿದ್ದೇನೆ. ಆದರೆ ಮೂರು ವರ್ಷದ ಹಿಂದೆ, ಕಾಯಿಲೆ ಗೊತ್ತಾಗುವ ಮೊದಲು, ಪೇಟೆಯಲ್ಲಿ ಅಮ್ಮ ಪ್ರತಿ ಅಂಗಡಿ ಮುಂದೆ ನಿಲ್ಲುತ್ತಿದ್ದಳು. ಸೀರೆ ನೋಡುವ ಹಾಗೆ, ಪಾತ್ರೆ ನೋಡುವ ಹಾಗೆ. "ಎಷ್ಟು ಅಂತ ನೋಡ್ತೀಯ, ಬೇಗ ಬಾ" ಅಂತ ರೇಗಿದ್ದೆ. ಅವಳು ನೋಡುತ್ತಿದ್ದುದು ಸೀರೆಯನ್ನಲ್ಲ, ಉಸಿರು ವಾಪಸ್ ಬರುವುದನ್ನು ಕಾಯುತ್ತಿದ್ದಳು ಅಂತ ನನಗೆ ಹೊಳೆಯಲೇ ಇಲ್ಲ. ಅತ್ತೆಯ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ ಇರಬಹುದು.

ವಾಪಸ್ ಬರುವಾಗ ಕಾರಿನಲ್ಲಿ, "ಕೊಡ ಯಾಕೆ ಎತ್ತಿದೆ?" ಅಂತ ಕೇಳಿದೆ. ಅಮ್ಮ ಕಿಟಕಿಯ ಕಡೆ ನೋಡುತ್ತ, "ಎತ್ತುವಾಗ ಉಸಿರು ಬಿಡಬೇಕಿತ್ತು, ಮರೆತುಹೋಯ್ತು" ಅಂದಳು.

ಮುಂದಿನ ತಿಂಗಳು ಆ ಅತ್ತೆಯ ಮಗನ ಮದುವೆ. ಹೋಗುತ್ತೇವೆ. ಸ್ಟೂಲ್ ಈಗಲೇ ಡಿಕ್ಕಿಯಲ್ಲಿದೆ.